ಕೊಳವೆಯೊಳಗಿನ ಬಿಳಿ ಪದರ

ಪ್ರನಾಳದಲ್ಲಿ ಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ದ್ರಾವಣವಿದೆ. ನೋಡಲು ಬರೀ ನೀರು. ಕೆಂಪು ಲಿಟ್ಮಸ್ ಚೂರೊಂದನ್ನು ಅದ್ದಿದರೆ ಮೆಲ್ಲಗೆ ನೀಲಿಗೆ ತಿರುಗುತ್ತದೆ. ಅಂದರೆ ತುಸು ಪ್ರತ್ಯಾಮ್ಲೀಯ. ಪಕ್ಕದಲ್ಲಿ ಸೀಸದ ನೈಟ್ರೇಟ್ (ಲೆಡ್ ನೈಟ್ರೇಟ್) ದ್ರಾವಣ. ಅದಕ್ಕೂ ಬಣ್ಣವಿಲ್ಲ. ಡ್ರಾಪರಿನಿಂದ ಅದರ ಒಂದು ಹನಿ ಫಾಸ್ಫೇಟಿಗೆ ಬಿದ್ದದ್ದೇ ತಡ, ಬಿದ್ದಲ್ಲೇ ಬಿಳಿ ಎಳೆಯೊಂದು ಬಿಚ್ಚಿಕೊಳ್ಳುತ್ತದೆ. ಹನಿಯ ಮೇಲೆ ಹನಿ ಬಿದ್ದಂತೆ ಇಡೀ ದ್ರಾವಣ ಅಕ್ಕಚ್ಚಿನ ಹಾಗೆ ಕದಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಬಿಳಿ ಪ್ರಕ್ಷೇಪ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲಿ ನೀಲಿ ಲಿಟ್ಮಸ್ ಕೆಂಪಾಗುತ್ತದೆ!

ಸೀಸದ ನೈಟ್ರೇಟ್ ನೀರಿನಲ್ಲಿ ತಾನೇ ಒಂದಿಷ್ಟು ಆಮ್ಲೀಯ, ನಿಜ. ಆದರೆ ಈ ಹುಳಿಯೆಲ್ಲ ಅದರದ್ದಲ್ಲ. ಫಾಸ್ಫೇಟಿನ ಮೂಲವಾದ ಫಾಸ್ಫಾರಿಕ್ ಆಮ್ಲದಲ್ಲಿ ಮೂರು ಹೈಡ್ರೋಜನ್‌ಗಳಿವೆ. ಮೊದಲನೆಯದನ್ನು ಅದು ಸಲೀಸಾಗಿ ಬಿಟ್ಟುಕೊಡುತ್ತದೆ. ಎರಡನೆಯದು ಪಿಎಚ್ 7ರ ಆಸುಪಾಸಿನಲ್ಲಿ ಹೊರಡುತ್ತದೆ. ನಮ್ಮ ಪ್ರನಾಳದ ಫಾಸ್ಫೇಟಿನಲ್ಲಿ ಉಳಿದಿರುವ ಮೂರನೆಯದನ್ನು ಬಿಡಿಸಲು ಪಿಎಚ್ 12 ದಾಟಬೇಕು, ಅಷ್ಟು ಬಿಗಿ ಹಿಡಿತ. ಸೀಸ ಬಂದರೆ ಆ ಹಿಡಿತವೂ ಸಡಿಲುತ್ತದೆ. ಮೂರು ಸೀಸದ ಅಯಾನುಗಳು ಎರಡು ಫಾಸ್ಫೇಟ್‌ಗಳೊಡನೆ ಸೇರಿ ಘನವಾಗಿ ಕೂರುತ್ತವೆ. ಆಶ್ರಯ ತಪ್ಪಿದ ಎರಡು ಹೈಡ್ರೋಜನ್ ಅಯಾನುಗಳು ನೀರಿಗಿಳಿದು ಅದನ್ನು ಹುಳಿಯಾಗಿಸುತ್ತವೆ. ಮೇಲಿನಿಂದ ನಾಲ್ಕಾರು ಹನಿ ನೈಟ್ರಿಕ್ ಆಮ್ಲ ಬಿಟ್ಟರೆ ಆಟ ತಿರುಗುಮುರುಗು: ಫಾಸ್ಫೇಟ್ ತನ್ನ ಹೈಡ್ರೋಜನ್ ಮರಳಿ ಪಡೆಯುತ್ತದೆ, ಬಿಳುಪು ಕರಗುತ್ತದೆ, ಸೀಸ ಮತ್ತೆ ನೀರಿನ ಪಾಲು.

ಆ ಕೊನೆಯ ಮಾತೇ ನನ್ನನ್ನು ಕಾಡುವುದು. ಹಳೆಯ ಊರುಗಳ ನೆಲದಡಿ ಇಂಥದೇ ಸೀಸದ ಫಾಸ್ಫೇಟ್ ಜನರ ಜೀವ ಕಾಯುತ್ತಿರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಬೀದಿಯ ಮುಖ್ಯ ಕೊಳವೆಯಿಂದ ಅನೇಕ ಮನೆಗಳಿಗೆ ಸೀಸದ ಕೊಳವೆಗಳೇ ನೀರು ತರುತ್ತಿದ್ದವು. ಡೆಟ್ರಾಯಿಟ್ ನಗರದಿಂದ ಬರುವ ನೀರಿಗೆ ಚೂರು ಫಾಸ್ಫೇಟ್ ಬೆರೆಸುತ್ತಿದ್ದರು. ಅದು ಸೀಸದೊಡನೆ ಕೂಡಿ ಕೊಳವೆಯ ಒಳಮೈಗೆ ತೆಳುವಾದ ಗಟ್ಟಿ ಪದರ ಕಟ್ಟುತ್ತಿತ್ತು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಫ್ಲಿಂಟ್ ನದಿಯ ನೀರು ಬಿಟ್ಟರು. ಅದರಲ್ಲಿ ಲೋಹವನ್ನು ತಿನ್ನುವ ಕ್ಲೋರೈಡ್ ಹೆಚ್ಚು. ಫಾಸ್ಫೇಟ್ ಬೆರೆಸಲೇ ಇಲ್ಲ. ಪದರ ಸವೆದು ಉದುರಿತು, ಸೀಸ ನೀರಿಗಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾರು ಕಂಪನಿ ಜನರಲ್ ಮೋಟಾರ್ಸ್ ಅಲ್ಲಿನ ತನ್ನ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆಯೆಂದು ಆ ನೀರನ್ನು ಕೈಬಿಟ್ಟಿತು. ಮಕ್ಕಳು ಮಾತ್ರ ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಕಬ್ಬಿಣಕ್ಕೆ ಸಿಕ್ಕ ಕಾಳಜಿ ಕೂಸುಗಳಿಗೆ ಸಿಗಲಿಲ್ಲವೆಂಬುದು ಅಕ್ಷಮ್ಯ.

ಮೈಯೊಳಗೂ ಸೀಸ ಫಾಸ್ಫೇಟನ್ನೇ ಹುಡುಕಿ ಹೋಗುತ್ತದೆ. ನಮ್ಮ ಮೂಳೆ ಕ್ಯಾಲ್ಸಿಯಂ ಫಾಸ್ಫೇಟಿನದು. ಕ್ಯಾಲ್ಸಿಯಂ ಇರಬೇಕಾದಲ್ಲಿ ಸೀಸ ಹೋಗಿ ಕೂತರೆ ದಶಕಗಳ ಕಾಲ ಕದಲುವುದಿಲ್ಲ. ಗರ್ಭಿಣಿಯ ಮೂಳೆಯಿಂದ ಕ್ಯಾಲ್ಸಿಯಂ ಹೊರಡುವಾಗ ಸೀಸವೂ ಜತೆಗೆ ಹೊರಟು ಮಗುವನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಕೂಡದೆಂದು ಭಾರತೀಯ ಮಾನಕ ಹೇಳುತ್ತದೆ. ಮಕ್ಕಳ ಮಟ್ಟಿಗೆ ಅಪಾಯವಿಲ್ಲದ ಪ್ರಮಾಣ ಅಂತ ಒಂದಿಲ್ಲ.

2015ರ ಅಕ್ಟೋಬರ್‌ನಲ್ಲಿ ಫ್ಲಿಂಟ್ ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿತು. ಡಿಸೆಂಬರ್‌ನಲ್ಲಿ ಹೆಚ್ಚುವರಿ ಫಾಸ್ಫೇಟ್ ಬೆರೆಸತೊಡಗಿದರು. ಪದರ ಎಷ್ಟೇ ಗಟ್ಟಿಯಾಗಿ ಕಟ್ಟಿಕೊಂಡರೂ ಅದರ ಹಿಂದಿರುವುದು ಸೀಸವೇ. ಹಾಗಾಗಿ 2016ರಿಂದ ಆ ನಗರ ಹಳೆಯ ಕೊಳವೆಗಳನ್ನು ಅಗೆದು ತೆಗೆದು ತಾಮ್ರದವನ್ನು ಹಾಕತೊಡಗಿತು.