ಎರಿ ಬಿರುಕಿನ ಒಕ್ಕಲುಗಳು

ಮೇ ಕೊನೆಯ ಹೊತ್ತಿಗೆ ಜೈನಾಪುರದ ಕಪ್ಪು ಎರಿ ಮಣ್ಣಿನ ಹೊಲ ಬಾಯಿಬಿಟ್ಟು ನಿಂತಿರುತ್ತದೆ. ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈವರೆಗೂ ಇಳಿಯುತ್ತದೆ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಬದನೆ ಗಿಡದ ಬುಡ ಬಿಟ್ಟರೆ ಎಲ್ಲೂ ತೇವವಿಲ್ಲ. ಆದರೆ ಆಳದಲ್ಲಿ ಎರಿಹುಳ ತನ್ನದೇ ಲೋಳೆ ಸವರಿದ ಪುಟ್ಟ ಗೂಡಿನಲ್ಲಿ ಮೈ ಸುತ್ತಿಕೊಂಡು ಮಲಗಿದೆ. ಅದು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೆ ಜೀವ ಹೋಯಿತು. ಹಾಗಾಗಿ ಮಳೆ ಬರುವತನಕ ಉಣ್ಣುವುದಿಲ್ಲ, ಅಲುಗುವುದಿಲ್ಲ.

ರೋಹಿಣಿಯೋ ಮಿರಗವೋ, ಮೊದಲ ದೊಡ್ಡ ಮಳೆ ಬಿದ್ದ ಸಂಜೆ ನೋಡಬೇಕು. ಎರಿ ಉಬ್ಬಿ ಬಿರುಕು ಕೂಡಿಕೊಳ್ಳುತ್ತಿರುವಾಗಲೇ ರೆಕ್ಕೆ ಬಂದ ಗೆದ್ದಲು ನೆಲದಿಂದ ಹೊಗೆಯಂತೆ ಏಳುತ್ತವೆ. ಅಂಗಳದ ದೀಪಕ್ಕೆ ಮುತ್ತಿ, ಕೆಳಗಿಳಿದು, ರೆಕ್ಕೆ ಕಳಚಿ, ಗಂಡು ಹೆಣ್ಣಿನ ಬೆನ್ನು ಹಿಡಿದು ನಡೆಯುತ್ತದೆ. ಹಲ್ಲಿ, ಕಪ್ಪೆಗಳ ಬಾಯಿ ತಪ್ಪಿಸಿಕೊಂಡ ಜೋಡಿಯಷ್ಟೇ ಮಣ್ಣು ಕೊರೆದು ಹೊಸ ಮನೆ ಹೂಡೀತು.

ಮರುದಿನ ಬದುವಿನ ಮೇಲೆ ಮಖಮಲ್ಲಿನ ಕೆಂಪು ಹುಳಗಳು ಹರಿದಾಡುತ್ತವೆ. ವರ್ಷದ ಬಹುಪಾಲು ಮಣ್ಣೊಳಗಿದ್ದು, ಗೆದ್ದಲು ಹಾರುವ ಕಾಲಕ್ಕೆ ಸರಿಯಾಗಿ ಮೇಲೆ ಬರುವ ಇವಕ್ಕೆ ಗೆದ್ದಲೇ ಊಟ. ಎಂಟು ಕಾಲು, ಜೇಡದ ಬಳಗ. ಮರಿಗಳು ಮಿಡತೆಯಂಥ ಕೀಟಗಳ ಮೈಗಂಟಿ ರಸ ಹೀರಿ ಬೆಳೆಯುತ್ತವೆ. ರುಚಿ ಕೆಟ್ಟದ್ದೆಂದು ಸಾರುವ ಬಣ್ಣವದು. ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹುಡುಗರು ಬೆಂಕಿಪೆಟ್ಟಿಗೆಯಲ್ಲಿ ತುಂಬಿಕೊಳ್ಳುವಾಗ ಆಯಿ ಗದರುತ್ತಾಳೆ: "ಬಿಡ್ರೋ ಅದನ್ನ, ಮಳಿ ಕೂಡ ಬಂದ ಹುಳ ಅದು, ಕೊಲ್ಲಬ್ಯಾಡ್ರಿ." ನನಗೆ ಆಯಿಯ ಮಾತೇ ಸರಿ ಅನ್ನಿಸುತ್ತದೆ.

ಹಿತ್ತಲ ಕಸದ ಗುಂಪಿಯಡಿ ಸಹಸ್ರಪದಿ ಕೊಳೆತ ಎಲೆ ಮೆಲ್ಲುತ್ತದೆ; ಮುಟ್ಟಿದರೆ ಚಕ್ಕುಲಿಯಾಗುತ್ತದೆ. ಅದರ ಪಕ್ಕದ ಕಲ್ಲೆತ್ತಿದರೆ ಜರಿ. ಅದು ಬೇಟೆಗಾರ, ವಿಷವೂ ಉಂಟು, ಕೈ ದೂರವಿರಲಿ. ರಾತ್ರಿ ಮಳೆ ನಿಂತ ಮೇಲೆ ಎರಿಹುಳ ಹಾಕಿದ ಹಿಕ್ಕೆಯ ಗುಪ್ಪೆಗಳು ಬೆಳಗ್ಗೆ ಬದನೆ ಪಾತಿಯ ತುಂಬ ಕಾಣುತ್ತವೆ. ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು, 1881ರಲ್ಲಿ, ಬರೆದದ್ದು ಈ ಹುಳದ ಮೇಲೆಯೇ. ನೇಗಿಲಿಗಿಂತ ಬಹಳ ಮೊದಲೇ ನೆಲ ಉತ್ತವರು ಇವರೆಂದು ಆತ ಕಂಡುಕೊಂಡಿದ್ದ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದಲ್ಲಿ ಕಥೆ ಬೇರೆ. ಬಳ್ಳಿಯ ತೊಗಟೆಯಡಿ ಹಿಟ್ಟುತಿಗಣೆ ಅಡಗಿ ರಸ ಹೀರಿ, ಸಿಹಿ ಅಂಟು ಸುರಿಸುತ್ತದೆ. ಆ ಸಿಹಿಗಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ಶತ್ರುಗಳಲ್ಲಿ ಮುಖ್ಯವಾದದ್ದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಒಂದು ಗುಲಗಂಜಿ ಹುಳ. ಮೈ ಕಪ್ಪು, ತಲೆ ಕಿತ್ತಳೆ. ತೊಡಕಿರುವುದು ಅದರ ಮರಿಯ ವೇಷದಲ್ಲಿ: ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ಎಷ್ಟೋ ತೋಟಗಳಲ್ಲಿ ಕಾಯುವವನನ್ನೇ ಕಳ್ಳನೆಂದು ತಿಳಿದು ಔಷಧ ಹೊಡೆಯುತ್ತಾರೆ. ಬಳ್ಳಿ ಸವರುವ ಚಾಟ್ನಿ ಮಾಡುವಾಗ ಬಿಳಿ ಹುಳ ಕಂಡರೆ ಪಂಪು ಹೆಗಲಿಗೇರಿಸುವ ಮೊದಲು ಕಡ್ಡಿಯಿಂದ ಒಮ್ಮೆ ಮುಟ್ಟಿ ನೋಡಿ. ಹಿಟ್ಟುತಿಗಣೆ ಕೂತಲ್ಲೇ ಕೂತಿರುತ್ತದೆ, ಇಲ್ಲವೆ ನಿಧಾನ ತೆವಳುತ್ತದೆ. ಗುಲಗಂಜಿಯ ಮರಿ ಅದಕ್ಕಿಂತ ದೊಡ್ಡದು, ಚುರುಕಾಗಿ ಓಡುತ್ತದೆ.