ಹಗುರಾದವನಿಗೇ ಹೆಚ್ಚು ಪೆಟ್ಟೇಕೆ?

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರಿನ ದಾರಿ. ಒಂದೂರಿನಲ್ಲಿ ಮನೆ, ಇನ್ನೊಂದೂರಿನಲ್ಲಿ ಉದ್ಯೋಗ ಎನ್ನುವವರು ಅನೇಕರು. ಹಳೆಯ ಪಿ.ಬಿ. ರಸ್ತೆಯಲ್ಲಿ ಬಸ್ಸು, ಆಟೋ, ಮೋಟಾರ್ ಸೈಕಲ್ಲುಗಳ ಸಂದಣಿ. ಊರ ಹೊರಗೆ ಹಾಯ್ದಿರುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಪುಣೆ-ಬೆಂಗಳೂರುಗಳ ನಡುವೆ ಹಗಲಿರುಳೆನ್ನದೆ ಓಡುವ ಸರಕಿನ ಲಾರಿಗಳು. ಮೆಕ್ಕೆಜೋಳದ ಮೂಟೆಗಳನ್ನು ಹೊತ್ತ ಲಾರಿಯೂ ಒಬ್ಬನೇ ಸವಾರನನ್ನು ಹೊತ್ತ ಬೈಕೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕು.

ಇವೆರಡೂ ಡಿಕ್ಕಿ ಹೊಡೆದರೆ ಕೇಡು ಯಾರಿಗೆಂಬುದನ್ನು ಹೇಳಲು ಶಾಸ್ತ್ರ ಬೇಕಾಗಿಲ್ಲ. ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ಹಿರಿಯರು ಹೇಳಿದ್ದಾರೆ. ಆದರೆ ಹಾಗೇಕೆ? ಲಾರಿ ಬೈಕಿಗೆ ಬಲವಾಗಿ ಹೊಡೆಯುತ್ತದೆ, ಬೈಕು ಲಾರಿಗೆ ಮೆಲ್ಲಗೆ ಹೊಡೆಯುತ್ತದೆ ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ. ಭೌತವಿಜ್ಞಾನದ ದೃಷ್ಟಿಯಲ್ಲಿ ಈ ಉತ್ತರ ತಪ್ಪು.

ಈ ವಿಷಯದಲ್ಲಿ ಮಹಾಪಂಡಿತರೂ ಎಡವಿದ್ದುಂಟು. ನಿಶ್ಚಲವಾಗಿರುವ ಭಾರವಾದ ವಸ್ತುವನ್ನು ಅದಕ್ಕಿಂತ ಹಗುರಾದ ವಸ್ತು ಎಷ್ಟೇ ವೇಗದಿಂದ ಬಂದು ಹೊಡೆದರೂ ಕದಲಿಸಲಾರದೆಂದು ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1644ರಲ್ಲಿ ಬರೆದನು. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ವಾಲಿಸ್, ರೆನ್, ಹೈಗೆನ್ಸ್ ಎಂಬ ಮೂವರು ಸಂಘಟ್ಟನೆಯ ಸರಿಯಾದ ನಿಯಮಗಳನ್ನು ಒದಗಿಸಿದರು. 1687ರಲ್ಲಿ ನ್ಯೂಟನ್ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಅವುಗಳಿಗೆ ಭದ್ರವಾದ ತಳಹದಿಯನ್ನು ಹಾಕಿದನು. ಅವನ ಮೂರನೆಯ ನಿಯಮದಂತೆ, ಲಾರಿಯು ಬೈಕನ್ನು ಎಷ್ಟು ಬಲದಿಂದ ನೂಕುವುದೋ ಬೈಕೂ ಲಾರಿಯನ್ನು ಅಷ್ಟೇ ಬಲದಿಂದ ನೂಕುವುದು. ಇದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಪೆಟ್ಟು ಸಮನಾದರೂ ಫಲ ಸಮನಲ್ಲ. ಕ್ಯಾರಂ ಹಲಗೆಯ ಮೇಲೆ ಇದನ್ನು ಕಣ್ಣಾರೆ ಕಾಣಬಹುದು. ಸ್ಟ್ರೈಕರಿನ ತೂಕ 15 ಗ್ರಾಂ, ಕಾಯಿಯ ತೂಕ 5 ಗ್ರಾಂ ಎಂದಿಟ್ಟುಕೊಳ್ಳೋಣ. ಸ್ಟ್ರೈಕರು ನೇರವಾಗಿ ಬಂದು ನಿಂತ ಕಾಯಿಗೆ ಬಡಿದಾಗ, ಶಕ್ತಿಯು ಶಬ್ದವಾಗಿ, ಶಾಖವಾಗಿ ಸೋರಿಹೋಗದಿದ್ದರೆ, ಕಾಯಿ ಸ್ಟ್ರೈಕರಿನ ಒಂದೂವರೆಪಟ್ಟು ವೇಗದಿಂದ ಚಿಮ್ಮುತ್ತದೆ. ಸ್ಟ್ರೈಕರು ಅರ್ಧ ವೇಗವನ್ನು ಉಳಿಸಿಕೊಂಡು ಮುಂದೆ ಸಾಗುತ್ತದೆ. ಮೂರುಪಟ್ಟು ಭಾರವಾದ ವಸ್ತುವಿನ ವೇಗದಲ್ಲಿ ಆದ ಬದಲಾವಣೆ ಮೂರನೆಯ ಒಂದು ಪಾಲು ಮಾತ್ರ. ಒಂದು ಕಳೆದುಕೊಂಡ ಸಂವೇಗವನ್ನೇ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವನ್ನೇ, ಇನ್ನೊಂದು ಪಡೆದುಕೊಂಡಿರುತ್ತದೆ.

ಈಗ ಇದೇ ಲೆಕ್ಕವನ್ನು ಹೆದ್ದಾರಿಗೆ ಅನ್ವಯಿಸಬಹುದು. ಸರಕು ತುಂಬಿದ ಲಾರಿ 16,000 ಕಿಲೋಗ್ರಾಂ; ಸವಾರನೂ ಸೇರಿ ಬೈಕು 200 ಕಿಲೋಗ್ರಾಂ. ಲಾರಿಯ ವೇಗ ಗಂಟೆಗೆ 54 ಕಿಲೋಮೀಟರು, ಎದುರಿನಿಂದ ಬರುವ ಬೈಕಿನ ವೇಗ 36. ಡಿಕ್ಕಿಯಾಗಿ ಎರಡೂ ಒಂದಕ್ಕೊಂದು ಸಿಕ್ಕಿಕೊಂಡರೆ, ಲಾರಿಯ ವೇಗ 54ರಿಂದ ಸುಮಾರು 53ಕ್ಕೆ ಇಳಿಯುತ್ತದೆ, ಅಷ್ಟೆ. ಚಾಲಕನಿಗೆ ಅದು ಬ್ರೇಕನ್ನು ಮೆಲ್ಲಗೆ ಒತ್ತಿದಷ್ಟೇ ಸರಿ. ಬೈಕಿನ ಗತಿಯಾದರೋ, ಮುಂದಕ್ಕೆ 36 ಇದ್ದುದು ಕ್ಷಣಮಾತ್ರದಲ್ಲಿ ಹಿಂದಕ್ಕೆ 53 ಆಗುತ್ತದೆ. ಒಟ್ಟು ಬದಲಾವಣೆ 89 ಕಿಲೋಮೀಟರು. ದ್ರವ್ಯರಾಶಿಯಲ್ಲಿ 80 ಪಟ್ಟು ಅಂತರವಿದ್ದುದರಿಂದ ವೇಗದ ಬದಲಾವಣೆಯಲ್ಲಿಯೂ 80 ಪಟ್ಟು ಅಂತರ.

ಮನುಷ್ಯದೇಹಕ್ಕೆ ಅಪಾಯವಿರುವುದು ವೇಗದಿಂದಲ್ಲ, ವೇಗದ ಹಠಾತ್ ಬದಲಾವಣೆಯಿಂದ. ರೈಲಿನಲ್ಲಿ ಗಂಟೆಗೆ 100 ಕಿಲೋಮೀಟರು ವೇಗದಿಂದ ಸಾಗುವವನು ನಿಶ್ಚಿಂತೆಯಿಂದ ನಿದ್ರಿಸಬಲ್ಲನು. ನಿಂತಲ್ಲಿಂದಲೇ ನೆಲಕ್ಕುರುಳಿದವನ ತಲೆಬುರುಡೆ ಒಡೆಯಬಹುದು. 1.8 ಮೀಟರು ಎತ್ತರದಿಂದ ಬೀಳುವ ತಲೆಯು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 21 ಕಿಲೋಮೀಟರು. ಆ ವೇಗವು 3 ಮಿಲಿಮೀಟರಿನೊಳಗೆ ಇಲ್ಲವಾಗಬೇಕಾದರೆ ತಲೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 600 ಪಟ್ಟು. 30 ಮಿಲಿಮೀಟರಿನಲ್ಲಿ ಇಲ್ಲವಾದರೆ 60 ಪಟ್ಟು. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲಿನಂಥ ಪದರ ಮಾಡುವ ಕೆಲಸ ಇದೇ. ತಾನು ಜಜ್ಜಿಹೋಗಿ ತಲೆಗೆ ನಿಲ್ಲಲು ಸ್ಥಳಾವಕಾಶವನ್ನು ದೊರಕಿಸುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬಾರದೆನ್ನುವುದೂ ಇದರಿಂದಲೇ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಸವಾರನಿಗೆ ಮಾತ್ರವಲ್ಲದೆ ಹಿಂದೆ ಕುಳಿತವರಿಗೂ ಹೆಲ್ಮೆಟ್ಟನ್ನು ವಿಧಿಸಿದೆ. ಗದ್ದದ ಕೆಳಗೆ ಪಟ್ಟಿ ಬಿಗಿಯದಿದ್ದರೆ ಅದು ತಲೆ ನೆಲಕ್ಕೆ ಬೀಳುವ ಮೊದಲೇ ಹಾರಿಹೋಗುತ್ತದೆ.

ಆದರೂ ಎದುರು ಬರುವ ಲಾರಿಯ ಮುಂದೆ ಹೆಲ್ಮೆಟ್ಟು ಸಂಜೀವಿನಿಯಲ್ಲ. ಅಲ್ಲಿ ರಕ್ಷಣೆ ಇರುವುದು ದಿಕ್ಕಿನಲ್ಲಿ. ಹೆದ್ದಾರಿಯ ಬದಿಯ ಹಳ್ಳಿಯವರು ಒಂದೆರಡು ಕಿಲೋಮೀಟರಿನ ಸುತ್ತು ತಪ್ಪಿಸಲೆಂದು ವಿರುದ್ಧ ದಿಕ್ಕಿನಲ್ಲಿ ಬೈಕು ಓಡಿಸುವುದುಂಟು. ಮೇಲಿನ ಲಾರಿಯೂ ಬೈಕೂ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಅವುಗಳ ವೇಗದ ಅಂತರ 18 ಕಿಲೋಮೀಟರು, ಎದುರುಬದುರಾದರೆ 90. ವೇಗ 5 ಪಟ್ಟು ಹೆಚ್ಚಿದಾಗ, ಡಿಕ್ಕಿಯಲ್ಲಿ ಕಬ್ಬಿಣವನ್ನೂ ಎಲುಬನ್ನೂ ಮುರಿಯಲು ಒದಗುವ ಶಕ್ತಿ 25 ಪಟ್ಟು ಹೆಚ್ಚುತ್ತದೆ. ಸರಿಯಾದ ದಿಕ್ಕಿನಲ್ಲಿ ಸುತ್ತಿ ಹೋಗುವವನು ಕಳೆದುಕೊಳ್ಳುವುದು ನಾಲ್ಕೈದು ನಿಮಿಷ. ಪೆಟ್ರೋಲಿನ ಖರ್ಚೂ ಅಲ್ಪವೇ. ಲಾರಿಯ ಭಾರವನ್ನು ತಗ್ಗಿಸುವುದು ಬೈಕಿನ ಸವಾರನ ಕೈಯಲ್ಲಿಲ್ಲ. ಈ 25 ಪಟ್ಟನ್ನು ತಗ್ಗಿಸುವುದು ಅವನ ಕೈಯಲ್ಲೇ ಇದೆ.