ಗ್ರಂಥಾಲಯದ ಇ-ಪುಸ್ತಕಕ್ಕೂ ಸರದಿ ಏಕೆ?



ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ್ದಾರೆ. ಕೆಲವು ತಿಂಗಳ ಮಟ್ಟಿಗೆ ಅವರಲ್ಲಿಗೆ ಹೋಗುವ ತಂದೆತಾಯಂದಿರಿಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯ ದೊಡ್ಡ ಆಸರೆ. ಹಿಮ ಬಿದ್ದು ಹೊರಗೆ ಕಾಲಿಡಲಾಗದ ದಿನಗಳಲ್ಲೂ ಮನೆಯೊಳಗೇ ಕುಳಿತು, ಮೊಬೈಲಿನಲ್ಲಿ ಹೊಸ ಹೊಸ ಪುಸ್ತಕಗಳನ್ನು ಉಚಿತವಾಗಿ ಎರವಲು ಪಡೆದು ಓದಬಹುದು. ಆದರೆ ಎಲ್ಲರ ಬಾಯಲ್ಲಿರುವ ಹೊಸ ಕಾದಂಬರಿಯನ್ನು ಹುಡುಕಿದರೆ, 'ಇನ್ನೂ ಹಲವು ವಾರ ಕಾಯಬೇಕು' ಎಂಬ ಉತ್ತರ ಬರುತ್ತದೆ. ಕಾಗದದ ಪುಸ್ತಕವಾದರೆ ಯಾರೋ ಮನೆಗೆ ಒಯ್ದಿದ್ದಾರೆ ಎಂದು ಸಮಾಧಾನಪಟ್ಟುಕೊಳ್ಳಬಹುದು. ಕ್ಷಣಮಾತ್ರದಲ್ಲಿ ಸಾವಿರ ಪ್ರತಿ ಮಾಡಬಹುದಾದ ಇ-ಪುಸ್ತಕಕ್ಕೆ ಸರದಿ ಏಕೆ?

ಈ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಸಿಗಬೇಕಾದರೆ, ಆ ಪುಸ್ತಕದ ಒಡೆಯರು ಯಾರು ಎಂಬುದನ್ನು ತಿಳಿಯಬೇಕು.

ಎರವಲು ಸಿಗುವ ಬಗೆ

ಅಮೆರಿಕ, ಕೆನಡಾಗಳ ಬಹುತೇಕ ಸಾರ್ವಜನಿಕ ಗ್ರಂಥಾಲಯಗಳು ಇ-ಪುಸ್ತಕಗಳನ್ನು ಓವರ್‌ಡ್ರೈವ್ ಎಂಬ ಸಂಸ್ಥೆಯ ಮೂಲಕ ನೀಡುತ್ತವೆ. 1986ರಲ್ಲಿ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಈ ಸಂಸ್ಥೆ, 2003ರಲ್ಲಿ ಅದೇ ನಗರದ ಸಾರ್ವಜನಿಕ ಗ್ರಂಥಾಲಯದೊಂದಿಗೆ ಇ-ಪುಸ್ತಕ ಎರವಲು ಸೇವೆಯನ್ನು ಆರಂಭಿಸಿತು. ಇಂದು ಹೆಚ್ಚಿನವರು ಬಳಸುವ ಲಿಬ್ಬಿ ಎಂಬ ಆ್ಯಪ್ 2017ರಲ್ಲಿ ಬಂದದ್ದು.

ಗ್ರಂಥಾಲಯದ ಕಾರ್ಡಿನ ಸಂಖ್ಯೆಯನ್ನು ಆ್ಯಪ್‌ನಲ್ಲಿ ನಮೂದಿಸಿದರೆ ಸಾಕು, ಪುಸ್ತಕಗಳ ಪಟ್ಟಿ ತೆರೆದುಕೊಳ್ಳುತ್ತದೆ. ಸಾಮಾನ್ಯವಾಗಿ 14 ಅಥವಾ 21 ದಿನಗಳ ಅವಧಿಗೆ ಎರವಲು ಸಿಗುತ್ತದೆ. ಅವಧಿ ಮುಗಿದೊಡನೆ ಪುಸ್ತಕ ತಾನಾಗಿಯೇ ಹಿಂದಿರುಗುವುದರಿಂದ ದಂಡದ ಭಯವಿಲ್ಲ. ಕಾರ್ಡ್ ಪಡೆಯುವ ನಿಯಮ ಮಾತ್ರ ಊರಿಂದ ಊರಿಗೆ ಬೇರೆ. ಅದನ್ನು ಸ್ಥಳೀಯ ಗ್ರಂಥಾಲಯದಲ್ಲಿಯೇ ವಿಚಾರಿಸಬೇಕು.

ಸ್ವಂತ ಭೂಮಿ ಮತ್ತು ಚಾಲಗೇಣಿ

ಗ್ರಂಥಾಲಯವು ಕಾಗದದ ಪುಸ್ತಕವನ್ನು ಹಣ ಕೊಟ್ಟು ಕೊಂಡ ಮೇಲೆ ಅದು ಗ್ರಂಥಾಲಯದ ಸ್ವತ್ತು. ಹರಿದು ಹೋಗುವ ತನಕ ನೂರು ಮಂದಿಗೆ ಕೊಡಬಹುದು, ಬೇಡವಾದಾಗ ಮಾರಲೂಬಹುದು. ಅಮೆರಿಕದಲ್ಲಿ ಈ ಹಕ್ಕನ್ನು ಸುಪ್ರೀಂ ಕೋರ್ಟ್ 1908ರಲ್ಲಿಯೇ ಎತ್ತಿಹಿಡಿದಿದೆ. ಒಬ್ಬ ಪ್ರಕಾಶಕರು ತಮ್ಮ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮಾರಬಾರದೆಂದು ಪುಸ್ತಕದೊಳಗೇ ಮುದ್ರಿಸಿದ್ದರು. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಮೇಲೆ ಪ್ರಕಾಶಕರಿಗೆ ಅಧಿಕಾರವಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು.

ಇ-ಪುಸ್ತಕಕ್ಕೆ ಈ ನಿಯಮ ಅನ್ವಯವಾಗುವುದಿಲ್ಲ. ಅಲ್ಲಿ ಗ್ರಂಥಾಲಯಕ್ಕೆ ಸಿಗುವುದು ಪರವಾನಗಿ ಮಾತ್ರ. ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. 1974ರ ಭೂಸುಧಾರಣೆಗೆ ಮೊದಲು ನಮ್ಮಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತು. ಮೂಲಗೇಣಿಯವನನ್ನು ಒಡೆಯ ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನದು ಒಡೆಯನ ಮರ್ಜಿಯ ಬದುಕು. ಕಾಗದದ ಪುಸ್ತಕ ಗ್ರಂಥಾಲಯದ ಸ್ವಂತ ಭೂಮಿಯಾದರೆ, ಹೊಸ ಜನಪ್ರಿಯ ಇ-ಪುಸ್ತಕ ಹೆಚ್ಚಾಗಿ ಚಾಲಗೇಣಿಯ ಭೂಮಿ.

ಈ ಗೇಣಿಯ ಷರತ್ತುಗಳು ಕ್ರಮೇಣ ಬಿಗಿಯಾಗುತ್ತಾ ಬಂದಿವೆ. ಹಾರ್ಪರ್‌ಕಾಲಿನ್ಸ್ ಸಂಸ್ಥೆ 2011ರಲ್ಲಿ, ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ನಂತರ ಪರವಾನಗಿಯನ್ನು ಮತ್ತೆ ಕೊಳ್ಳಬೇಕೆಂದಿತು. ಪೆಂಗ್ವಿನ್ ರ‍್ಯಾಂಡಮ್ ಹೌಸ್ ಸಂಸ್ಥೆಯ ಪರವಾನಗಿ ಮೊದಲು ಮೂಲಗೇಣಿಯಂತೆ ಶಾಶ್ವತವಾಗಿತ್ತು. 2018ರ ಅಕ್ಟೋಬರಿನಿಂದ ಅದು ಎರಡು ವರ್ಷಕ್ಕೆ ಇಳಿಯಿತು. ಹ್ಯಾಶೆಟ್, ಸೈಮನ್ ಅಂಡ್ ಶುಸ್ಟರ್ ಸಂಸ್ಥೆಗಳೂ 2019ರಲ್ಲಿ ಅದೇ ದಾರಿ ಹಿಡಿದವು.

ಬೆಲೆಯೂ ಗಮನಾರ್ಹ. ಸಾಮಾನ್ಯ ಓದುಗರು 15 ಡಾಲರ್ ಆಸುಪಾಸಿನಲ್ಲಿ ಕೊಳ್ಳುವ ಹೊಸ ಇ-ಪುಸ್ತಕಕ್ಕೆ ಗ್ರಂಥಾಲಯ 55 ಡಾಲರ್ ಅಥವಾ ಅದಕ್ಕೂ ಹೆಚ್ಚು ಕೊಡಬೇಕಾಗಿ ಬರುವುದುಂಟು. ಅದೂ ಎರಡು ವರ್ಷಗಳಿಗೆ ಮಾತ್ರ. ಮೇಲಾಗಿ, ಒಂದು ಪರವಾನಗಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಓದಬೇಕು. ಸರದಿ ಹುಟ್ಟುವುದು ಇಲ್ಲಿಯೇ.

ಪ್ರಕಾಶಕರ ವಾದ

ಪ್ರಕಾಶಕರ ಮಾತನ್ನೂ ಕೇಳುವುದು ನ್ಯಾಯ. ಕಾಗದದ ಪುಸ್ತಕ ಸವೆಯುತ್ತದೆ, ಕಳೆದುಹೋಗುತ್ತದೆ, ತರಲು ಗ್ರಂಥಾಲಯದ ತನಕ ಹೋಗಬೇಕಾಗುತ್ತದೆ. ಇ-ಪುಸ್ತಕಕ್ಕೆ ಸವಕಳಿಯಿಲ್ಲ. ಮನೆಯಲ್ಲೇ ಕುಳಿತು ಉಚಿತವಾಗಿ ಓದಬಹುದಾದರೆ ಕೊಳ್ಳುವವರು ಯಾರು, ಲೇಖಕರಿಗೆ ಗೌರವಧನ ಬರುವುದು ಎಲ್ಲಿಂದ ಎಂಬುದು ಅವರ ಕಳವಳ. ಇದೇ ಕಾರಣಕ್ಕೆ ಮ್ಯಾಕ್‌ಮಿಲನ್ ಸಂಸ್ಥೆ 2019ರ ನವೆಂಬರಿನಿಂದ, ಹೊಸ ಪುಸ್ತಕ ಹೊರಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಎಂದು ನಿರ್ಬಂಧಿಸಿತು. ಇಡೀ ಮಹಾನಗರಕ್ಕೂ ಒಂದೇ ಪ್ರತಿ! ಅನೇಕ ಗ್ರಂಥಾಲಯಗಳು ಪ್ರತಿಭಟಿಸಿ ಆ ಸಂಸ್ಥೆಯ ಇ-ಪುಸ್ತಕಗಳನ್ನೇ ಕೊಳ್ಳುವುದನ್ನು ನಿಲ್ಲಿಸಿದವು. ಕೊನೆಗೆ 2020ರ ಮಾರ್ಚ್‌ನಲ್ಲಿ ಆ ನಿರ್ಬಂಧ ರದ್ದಾಯಿತು.

ಕಾನೂನಿನ ಮೂಲಕ ಪರಿಹಾರ ಹುಡುಕುವ ಪ್ರಯತ್ನವೂ ನಡೆದಿದೆ. ಜನರಿಗೆ ಮಾರುವ ಇ-ಪುಸ್ತಕವನ್ನು ಗ್ರಂಥಾಲಯಗಳಿಗೂ ನ್ಯಾಯಸಮ್ಮತ ಷರತ್ತುಗಳಲ್ಲಿ ಕೊಡಬೇಕೆಂದು ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಕಾಯ್ದೆ ಮಾಡಿತು. ಕೃತಿಸ್ವಾಮ್ಯದ ವಿಷಯ ಕೇಂದ್ರ ಸರಕಾರದ ಕಾನೂನಿಗೆ ಸೇರಿದ್ದೆಂಬ ಕಾರಣಕ್ಕೆ ನ್ಯಾಯಾಲಯ 2022ರಲ್ಲಿ ಅದನ್ನು ತಳ್ಳಿಹಾಕಿತು. ತನ್ನಲ್ಲಿರುವ ಕಾಗದದ ಪುಸ್ತಕಗಳನ್ನು ತಾನೇ ಸ್ಕ್ಯಾನ್ ಮಾಡಿ ಎರವಲು ಕೊಡುತ್ತಿದ್ದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯೂ 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯಲ್ಲಿ ಪ್ರಕಾಶಕರ ಎದುರು ಸೋತಿತು.

ಓದುಗರು ಮಾಡಬಹುದಾದದ್ದು

ಹೊಸ ಪುಸ್ತಕ ಬೇಗ ಸಿಗಲು ಕೆಲವು ಉಪಾಯಗಳಿವೆ.

1. ಪುಸ್ತಕ ಬಿಡುಗಡೆಯಾಗುವ ಮೊದಲೇ ಅದು ಗ್ರಂಥಾಲಯದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದುಂಟು. ಆಗಲೇ ಹೆಸರು ಕಾಯ್ದಿರಿಸಿ.

2. ನಿಮ್ಮ ಸರದಿ ಬಂದಾಗ ಓದಲು ಪುರುಸೊತ್ತಿಲ್ಲದಿದ್ದರೆ, 'ಅನಂತರ ಕೊಡಿ' ಎನ್ನುವ ಸೌಲಭ್ಯ ಲಿಬ್ಬಿಯಲ್ಲಿದೆ. ಪುಸ್ತಕ ಮುಂದಿನವರಿಗೆ ಹೋಗುತ್ತದೆ, ನಿಮ್ಮ ಸ್ಥಾನವೂ ಉಳಿಯುತ್ತದೆ.

3. ಕೆಲವು ಗ್ರಂಥಾಲಯಗಳು ಜನಪ್ರಿಯ ಪುಸ್ತಕದ ಕೆಲವು ಪ್ರತಿಗಳನ್ನು ಸರದಿಯ ಹೊರಗೆ, ಮೊದಲು ಕಂಡವರಿಗೆ ಎಂದು ಇಡುತ್ತವೆ. ಆಗಾಗ ಇಣುಕಿ ನೋಡಿದರೆ ಅದೃಷ್ಟ ಒಲಿಯಬಹುದು.

4. ಹೂಪ್ಲಾ ಎಂಬ ಇನ್ನೊಂದು ಸೇವೆಯಲ್ಲಿ ಒಂದೊಂದು ಎರವಲಿಗೂ ಗ್ರಂಥಾಲಯವೇ ಹಣ ಕೊಡುವುದರಿಂದ ಕಾಯಬೇಕಾಗಿಲ್ಲ. ಆದರೆ ತಿಂಗಳಿಗೆ ಇಷ್ಟೇ ಎಂಬ ಮಿತಿಯಿರುತ್ತದೆ.

5. ಎಲ್ಲಕ್ಕಿಂತ ಮುಖ್ಯವಾಗಿ, ಓದಿ ಮುಗಿದ ದಿನವೇ ಪುಸ್ತಕವನ್ನು ಹಿಂತಿರುಗಿಸಿ. ತಾನಾಗಿ ಹೋಗುತ್ತದಲ್ಲ ಎಂದು ಬಿಡಬೇಡಿ.

ಈ ಕೊನೆಯ ಮಾತಿಗೆ ಒಂದು ಸರಳ ಲೆಕ್ಕವಿದೆ. ಒಂದು ಪುಸ್ತಕಕ್ಕೆ 10 ಪರವಾನಗಿಗಳಿವೆ, 100 ಮಂದಿ ಕಾಯುತ್ತಿದ್ದಾರೆ ಎಂದುಕೊಳ್ಳೋಣ. ಪ್ರತಿಯೊಬ್ಬರೂ 21 ದಿನ ಇಟ್ಟುಕೊಂಡರೆ, ಎಲ್ಲರೂ ಓದಿ ಮುಗಿಸಲು 30 ವಾರ ಬೇಕು. ಹತ್ತೇ ದಿನಕ್ಕೆ ಹಿಂತಿರುಗಿಸಿದರೆ 14 ವಾರಗಳಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಎರಡು ವರ್ಷದ ಒಂದು ಪರವಾನಗಿಯಲ್ಲಿ ಮೊದಲನೆಯ ರೀತಿಯಲ್ಲಿ ಸುಮಾರು 35 ಮಂದಿ ಓದಬಹುದು; ಎರಡನೆಯ ರೀತಿಯಲ್ಲಿ 73 ಮಂದಿ. ಅದೇ ಹಣ, ಎರಡು ಪಟ್ಟು ಓದುಗರು. ಆ ಹಣವಾದರೂ ಊರಿನ ಜನರೇ ಕಟ್ಟಿದ ತೆರಿಗೆಯದು.

ನಮ್ಮ ನಾಡಿಗೂ ಸಂಬಂಧಿಸಿದ ಮಾತು

ಇದು ದೂರದೇಶದ ಸಂಗತಿ ಎಂದು ತಳ್ಳಿಬಿಡುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕರ್ನಾಟಕದಲ್ಲಿ ಮನೆ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ನಮ್ಮ ಗ್ರಂಥಾಲಯ ಇಲಾಖೆಯೂ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆ. ಊರಿನ ವಾಚನಾಲಯದ ಕಪಾಟಿನಲ್ಲಿ ಐವತ್ತು ವರ್ಷ ಹಿಂದಿನ ಕಾದಂಬರಿ ಇಂದಿಗೂ ಕೈಗೆ ಸಿಗುವುದು, ಅದು ವಾಚನಾಲಯದ ಸ್ವಂತದ್ದಾದ ಕಾರಣ. ಪರವಾನಗಿಯ ಪುಸ್ತಕ ಹಾಗಲ್ಲ. ಅವಧಿ ಮುಗಿದ ಮೇಲೆ ಮತ್ತೆ ಹಣ ಕೊಡದಿದ್ದರೆ ಪಟ್ಟಿಯಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಪುಸ್ತಕ ಕೊಳ್ಳುವ ಶಕ್ತಿಯಿರುವವರಿಗೆ ಇದರಿಂದ ನಷ್ಟವಿಲ್ಲ. ಗ್ರಂಥಾಲಯವೊಂದನ್ನೇ ನಂಬಿದ ವಿದ್ಯಾರ್ಥಿಗೆ, ನಿವೃತ್ತರಿಗೆ, ಬಡವರಿಗೆ ಬಾಗಿಲು ಮುಚ್ಚಿದಂತೆಯೇ.

ಆದುದರಿಂದ ನಮ್ಮ ಗ್ರಂಥಾಲಯಗಳಿಗೆ ಇ-ಪುಸ್ತಕಗಳು ಬರುವಾಗ ಎಷ್ಟು ಸಾವಿರ ಬಂದವು ಎಂದಷ್ಟೇ ಕೇಳಿದರೆ ಸಾಲದು. ಅವು ಎಷ್ಟು ವರ್ಷ ಇರುತ್ತವೆ ಎಂಬುದನ್ನೂ ತೆರಿಗೆ ಕಟ್ಟುವವರು ಕೇಳಬೇಕು.